ಬಾಪ ಸುಳ್ಳು ಹೇಳುತ್ತಿಲ್ಲ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಎರಡೆರಡು ಬಾರಿ ಓದಬೇಕಾಯಿತು. ಬರೆದವರು ಕರಾವಳಿಯ ಒಬ್ಬ ಸಹೋದರಿ. ಹೆಸರು, ಊರು ಯಾವುದೂ ಬೇಡ ಎಂದಿದ್ದಾರೆ. ಅವರ ತಂದೆಗೆ 58 ವರ್ಷ. ಅಸರ್ ನಮಾಝಿಗೆ ವುಝೂ ಮಾಡುತ್ತಿದ್ದವರು ಅಲ್ಲೇ ಕುಸಿದು ಬಿದ್ದರು. ಹೃದಯ ನಿಂತಿತ್ತು. ಪಕ್ಕದ ಮನೆಯ ಹುಡುಗನೊಬ್ಬ ಓಡಿ ಬಂದು ಎದೆ ಒತ್ತಿದ. ಆಸ್ಪತ್ರೆಯಲ್ಲಿ ಶಾಕ್ ಕೊಟ್ಟು ಹೃದಯವನ್ನು ಮತ್ತೆ ಮಿಡಿಯುವಂತೆ ಮಾಡಿದರು. ಕೆಲವು ದಿನ ವೆಂಟಿಲೇಟರ್, ಮೂರು ವಾರದ ನಂತರ ಮನೆ. ಬಂಧುಗಳೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದರು.

"ಆದರೆ ಮನೆಗೆ ಬಂದವರು ನಮ್ಮ ಬಾಪ ಹೌದೋ ಅಲ್ಲವೋ ಎಂದು ನನಗೆ ಸಂಶಯ ಬರುತ್ತದೆ" ಎಂದು ಆ ಸಹೋದರಿ ಬರೆಯುತ್ತಾರೆ. "ಐದು ನಿಮಿಷಕ್ಕೊಮ್ಮೆ ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಊಟ ಮಾಡಿ ಕೈ ತೊಳೆದು ಬಂದು, ನನಗೆ ಯಾರೂ ಅನ್ನ ಕೊಡಲಿಲ್ಲ ಎಂದು ಬಂದವರ ಮುಂದೆ ದೂರುತ್ತಾರೆ. ನಮಾಝ್ ಆಯಿತೇ ಬಾಪ ಎಂದರೆ, ಆಯಿತು, ಮಸೀದಿಗೆ ಹೋಗಿ ಬಂದೆ ಎನ್ನುತ್ತಾರೆ. ಅವರು ಕುರ್ಚಿಯಿಂದ ಎದ್ದೇ ಇರುವುದಿಲ್ಲ. ಜೀವನದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ನಮಾಝಿನ ವಿಷಯದಲ್ಲೂ ಸುಳ್ಳು ಹೇಳುತ್ತಾರಲ್ಲ ಎಂದು ಅಣ್ಣ ಸಿಟ್ಟಾಗಿ ಅವರೊಂದಿಗೆ ಮಾತು ಕಡಿಮೆ ಮಾಡಿದ್ದಾನೆ. ದೊಡ್ಡಮ್ಮ ಇದು ಜಿನ್ನಿನ ಉಪದ್ರ ಎನ್ನುತ್ತಾರೆ. ನಾವು ಏನು ಮಾಡಬೇಕು?"

ಪ್ರಿಯ ಓದುಗರೇ, ಇಂತಹ ಮನೆಗಳು ಈಗ ಹೆಚ್ಚುತ್ತಿವೆ. ಹಿಂದೆ ಹೃದಯ ನಿಂತರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಕೆಲವರಾದರೂ ಬದುಕಿ ಮರಳುತ್ತಾರೆ. ಆದರೆ ಮರಳಿದ ಮೇಲಿನ ಬದುಕಿನ ಬಗ್ಗೆ ಮನೆಯವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ, ಉಪ್ಪು ಎಣ್ಣೆ ಕಡಿಮೆ ಮಾಡಿ ಎಂದಿರುತ್ತದೆ. ಮರೆವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಆಗ ಹೃದಯ ನೋವಿನಲ್ಲೂ ಬಡಿಯುತ್ತಿರಬಹುದು. ಬಡಿತವೇ ನಿಂತರೆ ಅದು ಸ್ತಂಭನ. ಒಂದು ಇನ್ನೊಂದಕ್ಕೆ ಕಾರಣವಾಗಬಹುದು, ಆದರೆ ಮೆದುಳಿಗೆ ದೊಡ್ಡ ಪೆಟ್ಟು ಬೀಳುವುದು ಸ್ತಂಭನದಿಂದ. ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಭಾಗವನ್ನು ಅದೇ ಬಳಸಿಕೊಳ್ಳುತ್ತದೆ. ಕೂಡಿಟ್ಟುಕೊಳ್ಳುವ ಶಕ್ತಿ ಮಾತ್ರ ಅದಕ್ಕಿಲ್ಲ. ರಕ್ತ ನಿಂತ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆದರೆ ಕೋಶಗಳು ಹಾನಿಗೊಳ್ಳತೊಡಗುತ್ತವೆ.

ಎಲ್ಲ ಕೋಶಗಳೂ ಒಟ್ಟಿಗೆ ಅಲ್ಲ. ಮೆದುಳಿನ ಒಳಭಾಗದಲ್ಲಿ, ಎರಡೂ ಕಿವಿಗಳ ನೇರಕ್ಕೆ ಎನ್ನಬಹುದು, ಹಿಪ್ಪೋಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ದಿನದಿನದ ಹೊಸ ಸಂಗತಿಗಳನ್ನು ನೆನಪಾಗಿ ಬರೆದಿಡುವ ಗುಮಾಸ್ತ ಅದು. ಆಮ್ಲಜನಕ ಕಡಿಮೆಯಾದಾಗ ಮೊದಲು ಕುಸಿಯುವವರಲ್ಲಿ ಈ ಗುಮಾಸ್ತನೂ ಒಬ್ಬ. ಹಳೆಯ ಕಡತಗಳು ಬೇರೆ ಕಪಾಟುಗಳಲ್ಲಿ ಬಹುಮಟ್ಟಿಗೆ ಭದ್ರವಾಗಿರುತ್ತವೆ. ಆದ್ದರಿಂದಲೇ ಈ ತಂದೆ ಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಹೋದದ್ದನ್ನು ಬಣ್ಣಿಸುತ್ತಾರೆ, ಬೆಳಗ್ಗಿನ ತಿಂಡಿಯನ್ನು ಹೇಳಲಾರರು.

ಈಗ ಆ 'ಸುಳ್ಳಿ'ನ ವಿಷಯಕ್ಕೆ ಬರೋಣ. ಅದೇ ಈ ಪತ್ರದ ದೊಡ್ಡ ನೋವು ಎಂದು ನನಗನಿಸುತ್ತದೆ.

ಸುಳ್ಳು ಹೇಳಬೇಕಾದರೆ ನಿಜ ಏನೆಂದು ಗೊತ್ತಿರಬೇಕು ತಾನೇ? ಗೊತ್ತಿದ್ದೂ ಮರೆಮಾಚಿದರೆ ಸುಳ್ಳು. ಈ ತಂದೆಗೆ ಗೊತ್ತೇ ಇಲ್ಲ. ನೆನಪಿನಲ್ಲಿ ಖಾಲಿ ಜಾಗ ಬಿದ್ದಾಗ ಮೆದುಳು ಅದನ್ನು ಖಾಲಿ ಬಿಡುವುದಿಲ್ಲ. ಹಳೆಯ ನೆನಪುಗಳಿಂದ ಸರಿಹೊಂದುವ ಒಂದು ತುಂಡನ್ನು ತಂದು ಅಲ್ಲಿ ಹೊಲಿಯುತ್ತದೆ. ನಲವತ್ತು ವರ್ಷ ತಪ್ಪದೆ ಅಸರ್ ನಮಾಝಿಗೆ ಮಸೀದಿಗೆ ಹೋದವರಿಗೆ, ಅಸರ್ ಎಂದೊಡನೆ ಮಸೀದಿಯಿಂದ ಮರಳಿ ಬಂದ ನೆನಪೇ ಕೈಗೆ ಸಿಗುತ್ತದೆ. ಅದು ಇಂದಿನದೋ, ಕಳೆದ ವರ್ಷದ್ದೋ ಎಂಬ ತಾರೀಕಿನ ಮುದ್ರೆ ಮಾತ್ರ ಅಳಿಸಿಹೋಗಿದೆ. ವೈದ್ಯರು ಇದಕ್ಕೆ ಕನ್‌ಫ್ಯಾಬ್ಯುಲೇಶನ್ ಎನ್ನುತ್ತಾರೆ. ಹಾಗಾಗಿ ಸಹೋದರಿ, ಅಣ್ಣನಿಗೆ ಈ ಪುಟ ಓದಿ ಹೇಳಿ. ತಂದೆಯ ಆ ಉತ್ತರದಲ್ಲಿರುವುದು ಸುಳ್ಳಲ್ಲ, ಅವರ ನಲವತ್ತು ವರ್ಷಗಳ ಅಭ್ಯಾಸ.

ಅನ್ನ ಕೊಡಲಿಲ್ಲ ಎಂಬ ದೂರೂ ಹಾಗೆಯೇ. ಬಂದವರ ಮುಂದೆ ಸೊಸೆಯ, ಮಗಳ ಮುಖ ಸಣ್ಣದಾಗುತ್ತದೆ, ನಿಜ. ಆದರೆ ಅಲ್ಲಿ ವಾದಕ್ಕೆ ನಿಂತು "ಈಗ ತಾನೇ ಮೀನು ಸಾರಿನಲ್ಲಿ ಉಂಡಿರಲ್ಲ!" ಎಂದರೆ ಅವರಿಗೆ ಅವಮಾನವಾಗುತ್ತದೆಯೇ ಹೊರತು ನೆನಪು ಬರುವುದಿಲ್ಲ. "ಹಸಿವಾಯಿತೇ ಬಾಪ? ಚಹಾ ತರುತ್ತೇನೆ" ಎಂದರೆ ಸಾಕು. ಮಾತು ಅಲ್ಲಿಗೆ ಮುಗಿಯುತ್ತದೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ಹೋದವರಲ್ಲಿ ಅನೇಕರು ಪರೀಕ್ಷಕರಾಗಿಬಿಡುತ್ತಾರೆ. "ನಾನು ಯಾರು ಹೇಳಿ ನೋಡುವ?" "ನನ್ನ ಮಗಳ ಹೆಸರೇನು?" ಉತ್ತರ ತಪ್ಪಿದರೆ ಪಕ್ಕದವರ ಮುಖ ನೋಡಿ ನಿಟ್ಟುಸಿರು. ಆ ನಿಟ್ಟುಸಿರು ರೋಗಿಗೆ ಅರ್ಥವಾಗುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಮರೆತ ಮನುಷ್ಯನಿಗೆ ನಾಚಿಕೆ ಮರೆತಿರುವುದಿಲ್ಲ. ನೀವು ಹೋಗುವಾಗ ಸಲಾಮ್ ಹೇಳಿ, ನಿಮ್ಮ ಹೆಸರನ್ನು ನೀವೇ ಹೇಳಿ, ಸಂಬಂಧವನ್ನೂ ಹೇಳಿ. ಹತ್ತು ಜನ ಒಟ್ಟಿಗೆ ಹೋಗಬೇಡಿ. ಗದ್ದಲದಲ್ಲಿ ಅವರ ತಲೆ ಬೇಗ ದಣಿಯುತ್ತದೆ, ಆಮೇಲೆ ರಾತ್ರಿಯಿಡೀ ಚಡಪಡಿಸುತ್ತಾರೆ.

ಇನ್ನೊಂದು ಕಠಿಣ ಪ್ರಶ್ನೆಯೂ ಆ ಪತ್ರದಲ್ಲಿದೆ. ತಂದೆ ದಿನಕ್ಕೆ ನಾಲ್ಕು ಸಲ "ಉಮ್ಮ ಎಲ್ಲಿ?" ಎಂದು ತಮ್ಮ ತಾಯಿಯನ್ನು ಕೇಳುತ್ತಾರಂತೆ. ಆಕೆ ತೀರಿಕೊಂಡು ಒಂಬತ್ತು ವರ್ಷ. ನಿಜ ಹೇಳಿದರೆ ಪ್ರತಿ ಬಾರಿಯೂ ಮೊದಲ ಬಾರಿ ಕೇಳಿದಂತೆ ಅಳುತ್ತಾರೆ. ಒಳಗಿದ್ದಾರೆ ಎಂದರೆ ಸುಳ್ಳಾಗುತ್ತದಲ್ಲ ಎಂಬುದು ಮಗಳ ಸಂಕಟ. ನನ್ನ ಅಭಿಪ್ರಾಯ ಇಷ್ಟು: ಎರಡೂ ಬೇಡ. ಅವರು ನಿಜವಾಗಿ ಕೇಳುತ್ತಿರುವುದು ತಾಯಿಯ ವಿಳಾಸವನ್ನಲ್ಲ, ತಾಯಿಯ ಹತ್ತಿರ ಸಿಗುತ್ತಿದ್ದ ಧೈರ್ಯವನ್ನು. "ಅಜ್ಜಿಯ ನೆನಪಾಯಿತೇ ಬಾಪ? ಅವರು ಮಾಡುತ್ತಿದ್ದ ಪತ್ತಿರ್ ನಿಮಗೆ ಎಷ್ಟು ಇಷ್ಟ ಅಲ್ಲವೇ?" ಎಂದು ಹತ್ತಿರ ಕುಳಿತು ಕೈ ಹಿಡಿದುಕೊಳ್ಳಿ. ಇದರಲ್ಲಿ ಸುಳ್ಳಿಲ್ಲ, ಗಾಯ ಕೆದಕುವುದೂ ಇಲ್ಲ. ಅವರಾಗಿಯೇ "ಉಮ್ಮ ತೀರಿಕೊಂಡರೋ?" ಎಂದು ನೇರವಾಗಿ ಕೇಳಿದ ದಿನ ಮೆಲ್ಲಗೆ ಹೌದೆನ್ನಿ, ಜೊತೆಗೆ ಕುಳಿತು ದುಆ ಮಾಡಿ.

ಜಿನ್ನಿನ ಮಾತು ಬಂತು. ದೊಡ್ಡಮ್ಮನವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಕುರ್‌ಆನ್ ಓದಿ ದುಆ ಮಾಡಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಹೃದಯ ನಿಂತದ್ದು, ಮೆದುಳಿಗೆ ರಕ್ತ ಹೋಗದಿದ್ದದ್ದು ಎಲ್ಲರ ಕಣ್ಣೆದುರು ನಡೆದ ಸಂಗತಿ. ಕಾರಣ ಇಷ್ಟು ಸ್ಪಷ್ಟವಿರುವಾಗ ಇನ್ನೊಂದನ್ನು ಹುಡುಕಿ ಊರೂರು ಅಲೆಸಿ, ಹೃದಯದ ಮಾತ್ರೆ ತಪ್ಪಿಸಿದರೆ ಅದು ಆ ಜೀವಕ್ಕೆ ಮಾಡುವ ಅನ್ಯಾಯ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ)ರವರು ಕಲಿಸಿರುವುದನ್ನು ನಾವು ಮರೆಯಬಾರದಲ್ಲವೇ?

ನಮಾಝಿನ ಬಗ್ಗೆ. ಬುದ್ಧಿ ಸ್ಥಿಮಿತದಲ್ಲಿಲ್ಲದವನ ಮೇಲೆ, ಅದು ಮರಳುವವರೆಗೆ, ಹೊಣೆಯಿಲ್ಲ ಎಂಬುದು ಹದೀಸಿನಿಂದ ಎಲ್ಲರಿಗೂ ತಿಳಿದ ವಿಷಯ. ಈ ತಂದೆಯ ಸ್ಥಿತಿ ಯಾವ ಹಂತದ್ದು, ಉಪವಾಸಕ್ಕೆ ಏನು ಮಾಡಬೇಕು ಎಂಬುದನ್ನು ವೈದ್ಯರ ಮಾತನ್ನೂ ಜೊತೆಗಿಟ್ಟುಕೊಂಡು ನಿಮ್ಮ ಊರಿನ ತಿಳಿದ ಉಲಮಾಗಳಲ್ಲಿ ಕೇಳಿ. ನಾನು ಹೇಳಬಯಸುವುದು ಬೇರೆ. ಅವರನ್ನು ವಿಚಾರಿಸುವ ಬದಲು ಮಗನೇ ಚಾಪೆ ಹಾಸಿ "ಬನ್ನಿ ಬಾಪ, ಜಮಾಅತ್ ಮಾಡುವ" ಎಂದು ಕರೆಯಲಿ. ಇಮಾಮನ ಹಿಂದೆ ನಿಂತವರಿಗೆ ರಕಅತ್ ಎಣಿಸುವ ಚಿಂತೆ ಇಲ್ಲ. ರುಕೂ, ಸುಜೂದ್, ಫಾತಿಹಾ ಇವೆಲ್ಲ ದೇಹಕ್ಕೆ, ನಾಲಿಗೆಗೆ ಹೊಂದಿಕೊಂಡ ನೆನಪುಗಳು. ಅವುಗಳ ಕಪಾಟೇ ಬೇರೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರಕ್ಕಾಗಿ ಶಸ್ತ್ರಕ್ರಿಯೆ ಮಾಡುವಾಗ ಹಿಪ್ಪೋಕ್ಯಾಂಪಸಿನ ಬಹುಭಾಗವನ್ನು ಎರಡೂ ಕಡೆಯಿಂದ ತೆಗೆದುಬಿಟ್ಟರು. 2008ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಹೊಸ ನೆನಪುಗಳು ನಿಲ್ಲಲೇ ಇಲ್ಲ. ಆದರೂ ಕನ್ನಡಿಯಲ್ಲಿ ನೋಡಿ ಚಿತ್ರದ ಗೆರೆ ತಿದ್ದುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು. ಪ್ರತಿದಿನವೂ ಇದನ್ನು ಹಿಂದೆಂದೂ ಮಾಡಿಲ್ಲ ಎನ್ನುತ್ತಿದ್ದರು! ಕೈ ಕಲಿಯುತ್ತದೆ, ತಲೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ದಿನಚರಿ ಒಂದೇ ಆಗಿರಲಿ. ಮಾತ್ರೆಯ ಡಬ್ಬ, ಕನ್ನಡಕ, ಟೊಪ್ಪಿ ಒಂದೇ ಜಾಗದಲ್ಲಿರಲಿ. ಎದುರಿನ ಗೋಡೆಯಲ್ಲಿ ದೊಡ್ಡ ಅಕ್ಷರದ ಹಲಗೆ ತೂಗುಹಾಕಿ, ವಾರ, ತಾರೀಕು, "ನೀವು ಮನೆಯಲ್ಲಿದ್ದೀರಿ, ಹೃದಯಕ್ಕೆ ಚಿಕಿತ್ಸೆಯಾಗಿದೆ" ಎಂದು ಬರೆದಿಡಿ.

ವಾಸಿಯಾಗುತ್ತದೆಯೇ? ಇಷ್ಟೇ ದಿನ ಎಂದು ಯಾರೂ ಹೇಳಲಾರರು. ಐಸಿಯುವಿನ ಭ್ರಮೆ, ಚಡಪಡಿಕೆ ಸಾಮಾನ್ಯವಾಗಿ ದಿನಗಳಲ್ಲಿ, ವಾರಗಳಲ್ಲಿ ಇಳಿಯುತ್ತದೆ. ನೆನಪಿನ ಚೇತರಿಕೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಕಾಣುತ್ತದೆ, ಬಳಿಕವೂ ನಿಧಾನವಾಗಿ ಮುಂದುವರಿಯಬಹುದು. ಎಷ್ಟು ಬೇಗ ರಕ್ತ ಸಂಚಾರ ಮರಳಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನ ಮೈದಾನದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಕೂಡಲೇ ಎದೆ ಒತ್ತಿ, ಶಾಕ್ ಕೊಟ್ಟರು. ಮರುವರ್ಷ ಅವರು ಮತ್ತೆ ಆಡಿದರು. ಅದಕ್ಕೂ ಮೊದಲು, 2017ರ ಜುಲೈ 8ರಂದು, ಹಾಲೆಂಡಿನ ಅಯಾಕ್ಸ್ ತಂಡದ ಇಪ್ಪತ್ತರ ಹರೆಯದ ಅಬ್ದುಲ್‌ಹಕ್ ನೂರಿ ಆಸ್ಟ್ರಿಯಾದಲ್ಲಿ ಆಡುತ್ತಿದ್ದಾಗ ಹೀಗೆಯೇ ಬಿದ್ದರು. ಅವರ ಮೆದುಳಿಗೆ ಆದದ್ದು ಶಾಶ್ವತ ಹಾನಿ. 2020ರಲ್ಲಿ ಅವರ ಅಣ್ಣ ಹೇಳಿದ ಪ್ರಕಾರ ಮನೆಯವರು ಅವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು, ಒಟ್ಟಿಗೆ ಕುಳಿತು ಫುಟ್ಬಾಲ್ ನೋಡುತ್ತಿದ್ದರು, ನೂರಿ ಹುಬ್ಬು ಎತ್ತಿ ಉತ್ತರಿಸುತ್ತಿದ್ದರು. ನಮ್ಮ ಮಸೀದಿಗಳ ವಠಾರದಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ. ಎದೆ ಒತ್ತುವುದನ್ನು ಕಲಿಸುವ ಶಿಬಿರ ಯಾಕೆ ನಡೆಯಬಾರದು? ಎದೆಯ ನಡುವೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು.

ಕೆಲವು ಎಚ್ಚರಿಕೆಗಳು. ಸದ್ಯಕ್ಕೆ ಬೈಕ್, ಕಾರು ಬೇಡ, ವೈದ್ಯರು ಹೇಳುವ ತನಕ. ಗ್ಯಾಸ್ ಒಲೆಯ ಬಳಿ ಒಬ್ಬರೇ ಇರುವುದು ಬೇಡ. ಮಾತ್ರೆ ನೀವೇ ಕೊಡಿ, ಕೊಟ್ಟದ್ದನ್ನು ಬರೆದಿಡಿ. ಗೊಂದಲ ಕಡಿಮೆಯಾಗುತ್ತಿದ್ದುದು ಒಮ್ಮೆಲೇ ಹೆಚ್ಚಿದರೆ, ಜ್ವರ ಬಂದರೆ, ಕೈಕಾಲು ಸೆಳೆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ಸೋಡಿಯಂ ಕುಸಿತ, ಹೊಸ ಮಾತ್ರೆ ಕೂಡ ತಲೆಯನ್ನು ಕದಡಬಲ್ಲವು. ಹೃದಯದ ವೈದ್ಯರಿಗಷ್ಟೇ ತೋರಿಸಿ ಸುಮ್ಮನಾಗದೆ ನರರೋಗ ತಜ್ಞರಿಗೂ ತೋರಿಸಿ. ನೆನಪಿನ ತರಬೇತಿ ಕೊಡುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಇನ್ನೊಂದನ್ನು ಹೇಳಲೇಬೇಕು, ಕೆಲವರಿಗೆ ಕಹಿಯಾದೀತು. ಇಂತಹ ಸ್ಥಿತಿಯಲ್ಲಿರುವವರಿಂದ ಜಾಗದ ಕಾಗದಕ್ಕೆ, ಬ್ಯಾಂಕಿನ ಫಾರಂಗೆ ಸಹಿ ಹಾಕಿಸಿಕೊಳ್ಳುವ ಆತುರ ಯಾರಿಗೂ ಬೇಡ. ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯದವರ ಸಹಿ ಕಾನೂನಿನಲ್ಲಿ ನಿಲ್ಲುವುದು ಕಷ್ಟ. ಅಲ್ಲಾಹನ ಮುಂದೆ ಅದರ ಲೆಕ್ಕ ಇನ್ನೂ ಕಷ್ಟ.

ಕೊನೆಯದಾಗಿ ಆ ಅಣ್ಣನಿಗೆ, ಬಂಧುಗಳಿಗೆ. ಪತ್ರ ಬರೆದ ಸಹೋದರಿ ಎರಡು ತಿಂಗಳಿಂದ ರಾತ್ರಿ ಸರಿಯಾಗಿ ಮಲಗಿಲ್ಲ. ಅದನ್ನು ಅವರು ದೂರಾಗಿ ಬರೆದಿಲ್ಲ, ಅಕ್ಷರ ಓರೆಯಾದದ್ದಕ್ಕೆ ಕ್ಷಮೆ ಕೇಳುತ್ತಾ ಬರೆದಿದ್ದಾರೆ. ಸೇವೆಯ ಪುಣ್ಯ ಒಬ್ಬಳಿಗೇ ಇರಲಿ ಎಂದು ಬಿಡಬೇಡಿ. ವಾರದಲ್ಲಿ ಎರಡು ರಾತ್ರಿ ಅಣ್ಣ ಬಾಪನ ಕೋಣೆಯಲ್ಲಿ ಮಲಗಲಿ, ದೊಡ್ಡಮ್ಮ ಒಂದು ಮಧ್ಯಾಹ್ನ ಬಂದು ಕುಳಿತುಕೊಳ್ಳಲಿ. ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.