ಟಾರ್ಜನ್‌ಗೆ ಓದೋಕೆ ಬರ್ತಿತ್ತು



ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ 9ನೇ ತರಗತಿಯವರು ಟಾರ್ಜನ್ ನಾಟಕ ಆಡುವುದೆಂದು ತೀರ್ಮಾನವಾಗಿದೆ. ಎಲ್ಲರಿಗೂ ಖುಷಿ, ನನಗೂ ಖುಷಿಯೇ. ಆದರೆ ಹೋದ ಶನಿವಾರ ನಾಟಕದ ಮಾತುಗಳನ್ನು ಓದಿದಾಗಿನಿಂದ ನನ್ನದೊಂದು ತಕರಾರು ಇದೆ. ಬಾಯಲ್ಲಿ ಹೇಳೋಕೆ ಹೋದರೆ ಜಗಳ ಆಗುತ್ತೆ. ಅದಕ್ಕೇ ಈ ಗೋಡೆಪತ್ರಿಕೆಯಲ್ಲಿ ಬರೆದು ಅಂಟಿಸಿದ್ದೇನೆ.

ನಾಟಕದಲ್ಲಿ ಟಾರ್ಜನ್ ಮುಕ್ಕಾಲು ಪಾಲು ಬರೀ ಕೂಗ್ತಾನೆ, ಎದೆ ಬಡ್ಕೋತಾನೆ, ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿಂತಾನೆ. ಆಮೇಲೆ ಪಟ್ಟಣದಿಂದ ಜೇನ್ ಬಂದು ಸ್ಲೇಟು ಹಿಡಿದು ಅವನಿಗೆ ಅ ಆ ಇ ಈ ಕಲಿಸ್ತಾಳೆ. ಅವನು ತಪ್ಪುತಪ್ಪಾಗಿ ಹೇಳಬೇಕು, ಜನ ನಗಬೇಕು. ಜೇನ್ ಪಾರ್ಟು ನನ್ನದೇ. ಈ ದೃಶ್ಯ ತೆಗೆದರೆ ನನ್ನ ಮಾತುಗಳೇ ಕಮ್ಮಿ ಆಗೋದು. ಆದರೂ ಹೇಳ್ತೀನಿ, ಇದು ತೆಗೀಬೇಕು.

ಯಾಕೆ ಅಂದರೆ ಮೂಲ ಕಥೆಯಲ್ಲಿ ಟಾರ್ಜನ್‌ಗೆ ಓದು ಕಲಿಸಿದವರು ಯಾರೂ ಇಲ್ಲ. ಅವನೇ ಕಲಿತದ್ದು.

ಈ ಕಥೆ ಬರೆದವರು ಅಮೆರಿಕದ ಎಡ್ಗರ್ ರೈಸ್ ಬರೋಸ್ (1875-1950). ಅದಕ್ಕೂ ಮೊದಲು ಪೆನ್ಸಿಲ್ ಚೂಪು ಮಾಡುವ ಮೆಂಡರ್ ಮಾರುವ ಕೆಲಸವನ್ನೂ ಮಾಡಿದ್ದರಂತೆ. ಕಥೆ ಮೊದಲು ಅಚ್ಚಾಗಿದ್ದು 1912ರ ಅಕ್ಟೋಬರಿನಲ್ಲಿ, 'ಆಲ್ ಸ್ಟೋರಿ' ಎಂಬ ಪತ್ರಿಕೆಯಲ್ಲಿ. ಅಂಥವನ್ನು ಪಲ್ಪ್ ಪತ್ರಿಕೆ ಅಂತಾರೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಅಚ್ಚು ಹಾಕ್ತಿದ್ದರು, ಅದಕ್ಕೇ ಆ ಹೆಸರು. (ನಮ್ಮ ಪತ್ರಿಕೆಯ ಹಾಳೆ ಅದಕ್ಕಿಂತ ವಾಸಿ ಇರಬಹುದು!) ಬರೋಸ್ ಅವರಿಗೆ ಸಿಕ್ಕಿದ್ದು 700 ಡಾಲರ್. 1914ರಲ್ಲಿ ಅದು ಪುಸ್ತಕವಾಯಿತು.

ಟಾರ್ಜನ್‌ನ ಹೆತ್ತವರು ಆಫ್ರಿಕಾದ ಕಡಲತೀರದಲ್ಲಿ ಮರದ ಮನೆ ಕಟ್ಟಿಕೊಂಡು ಅಲ್ಲೇ ಸತ್ತುಹೋದರು. ಮಗುವನ್ನು ಸಾಕಿದ್ದು ಕಾಲಾ ಎಂಬ ಹೆಣ್ಣು ವಾನರ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಸಿನಿಮಾದಲ್ಲಿ ಬರಲ್ಲ. ಹುಡುಗ ಸ್ವಲ್ಪ ದೊಡ್ಡವನಾದ ಮೇಲೆ ಆ ಮುಚ್ಚಿದ ಮನೆಯ ಚಿಲಕ ತೆಗೆಯೋದು ಹೇಗೆ ಅಂತ ಕಂಡುಕೊಂಡು ಒಳಗೆ ಹೋಗ್ತಾನೆ. ಅಲ್ಲಿ ಅವನಿಗಾಗಿಯೇ ಅಪ್ಪ ಅಮ್ಮ ತಂದಿದ್ದ ಚಿತ್ರದ ಅಕ್ಷರಪುಸ್ತಕಗಳು ಇರ್ತವೆ. ಅಕ್ಷರಗಳು ಅವನ ಕಣ್ಣಿಗೆ ಸಣ್ಣ ಸಣ್ಣ ಹುಳುಗಳ ಹಾಗೆ ಕಾಣ್ತವೆ. ಹುಡುಗನ ಚಿತ್ರದ ಕೆಳಗೆ ಯಾವಾಗಲೂ ಅದೇ ಮೂರು ಹುಳು ಅದೇ ಸಾಲಿನಲ್ಲಿ ಇರೋದನ್ನು ನೋಡಿ ನೋಡಿ, ವರ್ಷಗಟ್ಟಲೆ ಕೂತು, ಓದೋದನ್ನೂ ಪೆನ್ಸಿಲಿನಲ್ಲಿ ಬರೆಯೋದನ್ನೂ ಕಲೀತಾನೆ. ಆದರೆ ಆ ಮಾತನ್ನು ಬಾಯಲ್ಲಿ ಹೇಗೆ ಆಡಬೇಕು ಅಂತ ಅವನಿಗೆ ಗೊತ್ತಿಲ್ಲ, ಯಾಕಂದರೆ ಅದನ್ನು ಅವನು ಕೇಳೇ ಇಲ್ಲ!

ಜೇನ್ ಮತ್ತು ಅವರ ಕಡೆಯವರು ಬಂದಾಗ ಅವನು ಬಾಗಿಲಿಗೆ ಒಂದು ಚೀಟಿ ಬರೆದು ಅಂಟಿಸ್ತಾನೆ, ಟಾರ್ಜನ್ ಅಂತ ರುಜು ಹಾಕಿ. ಅವರನ್ನು ಕಾಪಾಡುವ ಕಾಡುಮನುಷ್ಯನಿಗೆ ಅವರ ಮಾತೇ ಬರಲ್ಲ. ಹೀಗಾಗಿ ಚೀಟಿ ಬರೆದವನು ಬೇರೆ, ಇವನು ಬೇರೆ ಅಂತ ಅವರು ತಿಳ್ಕೋತಾರೆ. ಮೈಮೇಲೆ ಬಟ್ಟೆ ಸರಿಯಾಗಿ ಇಲ್ಲದವನು ಬರೀತಾನೆ ಅಂತ ಅವರಿಗೆ ಅನ್ನಿಸೇ ಇಲ್ಲ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಜಾಗ ಇದೇ. ಆಮೇಲೆ ಫ್ರಾನ್ಸಿನ ಒಬ್ಬ ನೌಕಾಪಡೆಯ ಅಧಿಕಾರಿ ಅವನಿಗೆ ಫ್ರೆಂಚ್ ಮಾತು ಕಲಿಸ್ತಾನೆ. ಕೊನೆಗೆ ಅಮೆರಿಕಕ್ಕೆ ಹೋಗಿ ಕಾರನ್ನೂ ಓಡಿಸ್ತಾನೆ.

1932ರ ಸಿನಿಮಾದಲ್ಲಿ ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜಾನಿ ವೈಸ್‌ಮುಲ್ಲರ್ ಟಾರ್ಜನ್ ಆದರು. ಅದರಲ್ಲಿ ಅವನಿಗೆ ಅರ್ಧಂಬರ್ಧ ಮಾತು ಮಾತ್ರ. ವೈಸ್‌ಮುಲ್ಲರ್ 1948ರವರೆಗೆ 12 ಚಿತ್ರ ಮಾಡಿದ್ದರಿಂದ ಆ ಟಾರ್ಜನ್ನೇ ಜನರ ತಲೆಯಲ್ಲಿ ಕೂತುಬಿಟ್ಟ. ನಮ್ಮ ದೇಶದಲ್ಲೂ 1937ರಲ್ಲೇ 'ತೂಫಾನಿ ಟಾರ್ಜನ್' ಅಂತ ಹಿಂದಿ ಸಿನಿಮಾ ಬಂತು. 1999ರ ಡಿಸ್ನಿ ಕಾರ್ಟೂನಿನಲ್ಲಿ ಜೇನ್ ಕಡೆಯವರು ದೀಪದ ಚಿತ್ರ ತೋರಿಸಿ ಪಾಠ ಮಾಡ್ತಾರೆ. ನಮ್ಮ ನಾಟಕದ ಸ್ಲೇಟು ಅಲ್ಲಿಂದಲೇ ಬಂದಿರೋದು ಅಂತ ನನ್ನ ಗುಮಾನಿ.

ಸಿನಿಮಾ ನೋಡಿ ಪುಸ್ತಕಕ್ಕೆ ತೀರ್ಪು ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇನ್ನೊಂದು ಸಂಗತಿ. 1961ರಲ್ಲಿ ಕ್ಯಾಲಿಫೋರ್ನಿಯಾದ ಡೌನಿ ಎಂಬ ಊರಿನ ಶಾಲೆಯಲ್ಲಿ ಟಾರ್ಜನ್ ಪುಸ್ತಕಗಳನ್ನು ಕಪಾಟಿನಿಂದ ತೆಗೆದರು. ಕಾರಣ, ಟಾರ್ಜನ್ನೂ ಜೇನೂ ಮದುವೆ ಆಗದೆ ಒಟ್ಟಿಗೆ ಇದ್ದಾರೆ ಅಂತ. ಆದರೆ ಎರಡನೇ ಪುಸ್ತಕದ ಕೊನೆಯಲ್ಲಿ ಅವರ ಮದುವೆ ಆಗುತ್ತೆ, ಮಾಡಿಸೋದು ಜೇನ್‌ಳ ತಂದೆಯೇ! ಪುಸ್ತಕ ಕೈಯಲ್ಲಿ ಇತ್ತು, ತೆರೆದು ನೋಡಿದ್ದರೆ ಸಾಕಿತ್ತು. 1962-63ರಲ್ಲಿ ಅವು ಕಡಿಮೆ ಬೆಲೆಯಲ್ಲಿ ಮರುಮುದ್ರಣ ಆದವು. ಮರುಮುದ್ರಣದ ದೊಡ್ಡ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ. ಯಾರು ಏನೇ ಹೇಳಿದರೂ ತೆಗೆದು ನೋಡಬಹುದು.

ಆದರೆ ಮರುಮುದ್ರಣ ಅಂತ ಬರೋದೆಲ್ಲ ನಂಬೋ ಹಾಗಿಲ್ಲ. ನಾನು ಮೊದಲು ಓದಿದ್ದು ಮಕ್ಕಳಿಗಾಗಿ ಮಾಡಿದ ಒಂದು ತೆಳು ಪುಸ್ತಕ. ಮೇಲೆ ಬರೋಸ್ ಅವರ ಹೆಸರು ಇದೆ, ಸಂಗ್ರಹ ಅಂತ ಎಲ್ಲೂ ಇಲ್ಲ. ಚಿರತೆ ಜೊತೆ ಕಾದಾಟಕ್ಕೆ ನಾಲ್ಕು ಪುಟ, ಓದು ಕಲಿತದ್ದಕ್ಕೆ ಒಂದು ಸಾಲು. ಇಂಗ್ಲಿಷ್ ಮೇಷ್ಟ್ರು ಅವರ ಫೋನಿನಲ್ಲಿ ಮೂಲ ತೋರಿಸಿ ಕನ್ನಡದಲ್ಲಿ ಬಿಡಿಸಿ ಹೇಳದಿದ್ದರೆ ನನಗೂ ಗೊತ್ತಾಗ್ತಿರಲಿಲ್ಲ.

ಹಾಗಾದರೆ ಏನನ್ನೂ ಬದಲಾಯಿಸಬಾರದಾ ಅಂತ ನೀವು ಕೇಳಬಹುದು. ಬರೋಸ್ ಅವರೇ ಬದಲಾಯಿಸಿದ್ದಾರೆ. ಪತ್ರಿಕೆಯಲ್ಲಿ ಬಂದಾಗ ಕಥೆಯಲ್ಲಿ ಹುಲಿ ಇತ್ತು. ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬಂತು ಸ್ವಾಮಿ? ಪುಸ್ತಕ ಆಗುವಾಗ ಅದು ಹೆಣ್ಣು ಸಿಂಹ ಆಯಿತು. ಅವರು ಆಫ್ರಿಕಾ ನೋಡಿದವರೇ ಅಲ್ಲ. ಇದಕ್ಕಿಂತ ದೊಡ್ಡ ದೋಷವೂ ಇದೆ. ಟಾರ್ಜನ್ ಅಂದರೆ ವಾನರ ಭಾಷೆಯಲ್ಲಿ ಬಿಳಿ ಚರ್ಮ ಅಂತ ಅರ್ಥವಂತೆ, ಅಲ್ಲಿನ ಕಪ್ಪು ಜನರನ್ನು ಕೀಳಾಗಿ ಬರೆದಿದ್ದಾರೆ. ಅದನ್ನು ನಾವು ನಾಟಕದಲ್ಲಿ ಆಡೋದು ಬೇಡ, ನಮ್ಮ ಸ್ಕ್ರಿಪ್ಟಿನಲ್ಲಿ ಬಿಟ್ಟಿರೋದು ಸರಿಯೇ. ಮರುಮುದ್ರಣದಲ್ಲಿ ಮಾತ್ರ ಇರಲಿ, ಮುನ್ನುಡಿಯಲ್ಲಿ ಇದು ತಪ್ಪು ಅಂತ ಬರೀಲಿ. ಗುಟ್ಟಾಗಿ ತೆಗೆದರೆ ಲೇಖಕರು ಇದ್ದದ್ದಕ್ಕಿಂತ ಒಳ್ಳೆಯವರಾಗಿ ಕಾಣ್ತಾರೆ ಅಷ್ಟೇ.

"ಅದನ್ನು ಬಿಡಬಹುದು, ಇದನ್ನು ಬಿಡಬಾರದು ಅನ್ನೋಕೆ ನೀನ್ಯಾರು?" ಅಂತ ಒಬ್ಬಳು ಗೆಳತಿ ಕೇಳಿದಳು. ಸರಿಯಾದ ಪ್ರಶ್ನೆ. ಬರೋಸ್ ತೀರಿಕೊಂಡು 60 ವರ್ಷ ಕಳೆದಿದ್ದರಿಂದ ನಮ್ಮ ದೇಶದಲ್ಲಿ ಈ ಕಥೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ತಿದ್ದಬಹುದು, ಆಡಬಹುದು. ಕೇಳೋರು ಇಲ್ಲ. ನನ್ನ ಲೆಕ್ಕ ಇಷ್ಟೇ: ತೆಗೆಯೋದರಿಂದ ಯಾರಿಗೋ ಆಗೋ ಅವಮಾನ ತಪ್ಪುತ್ತೋ, ಇಲ್ಲ ಹೊಸದಾಗಿ ಅವಮಾನ ಆಗುತ್ತೋ ನೋಡಬೇಕು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಮ್ಮ ಟಾರ್ಜನ್ ಪಾರ್ಟು ಯಾರಿಗೆ ಕೊಟ್ಟಿದೆ ಅಂತ ಎಲ್ಲರಿಗೂ ಗೊತ್ತು. ಮರ ಚೆನ್ನಾಗಿ ಹತ್ತುತ್ತಾನೆ ಅಂತ ಕೊಟ್ಟೆವು ಅಂತೀವಿ. ಅದೊಂದೇ ಕಾರಣವಾ? ಅವನು ದನ ಕಾಯ್ಕೊಂಡಿದ್ದು ತಡವಾಗಿ 5ನೇ ತರಗತಿಗೆ ಬಂದು ಸೇರಿದವನು. ಮೊದಲ ದಿನ ನಾವೆಲ್ಲ ಏನಂತ ಕೂಗಿದ್ವಿ, ನೆನಪಿದೆಯಾ? ನಾನೂ ಕೂಗಿದ್ದೆ. ಆದರೆ ಅವತ್ತೇ ಅವನಿಗೆ ಅಕ್ಷರ ಬರ್ತಿತ್ತು. ಗೊಬ್ಬರದ ಚೀಲ, ಬೆಂಕಿಪೊಟ್ಟಣ, ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತಿದ್ದ. ದಿನಾ ಅದೇ ಬಸ್ಸು ಅದೇ ಊರಿಗೆ ಹೋಗುತ್ತೆ, ಬೋರ್ಡಿನ ಮೇಲೆ ಅದೇ ಅಕ್ಷರ ಇರ್ತವೆ. ಹಾಗೆ ಹಿಡಿದುಕೊಂಡೆ ಅಂತ ಅವನೇ ಹೇಳಿದ. ಇದನ್ನು ಅವನನ್ನು ಕೇಳಿಯೇ ಬರೆದಿದ್ದೇನೆ. "ನಾಟಕ ತಾನೆ, ನಗಲಿ ಬಿಡು" ಅಂದ. ನನಗೆ ಹಾಗೆ ಬಿಡೋಕೆ ಆಗ್ತಿಲ್ಲ. ಆ ದಿನ ಅವನ ಅಪ್ಪ ಅಮ್ಮನೂ ಬರ್ತಾರೆ.

ಚಿಲಕ ತೆಗೆದು ಒಳಗೆ ಹೋಗೋ ದೃಶ್ಯವನ್ನೂ ಚೀಟಿಯ ದೃಶ್ಯವನ್ನೂ ನಾನು ಕನ್ನಡದಲ್ಲಿ ಬರೆದಿದ್ದೇನೆ, ಒಟ್ಟು ಮೂರು ಪುಟ. ಅದರಲ್ಲಿ ನನಗೆ ಎರಡೇ ಮಾತು. ನೋಟ್‌ಬುಕ್ ಕನ್ನಡ ಟೀಚರ್ ಹತ್ತಿರ ಇದೆ, ಬೇಕಾದವರು ತಗೊಂಡು ಓದಿ. ನಗು ಬೇಕು ಅನ್ನೋರಿಗೆ ಚೀಟಿ ದೃಶ್ಯದಲ್ಲಿ ಬೇಕಾದಷ್ಟು ನಗು ಇದೆ. ಆದರೆ ಅಲ್ಲಿ ಜನ ನಗೋದು ಜೇನ್‌ನ ನೋಡಿ. ಶನಿವಾರದ ಪ್ರಾಕ್ಟೀಸಿಗೆ ಮೊದಲು ನಿಮ್ಮ ಅಭಿಪ್ರಾಯ ತಿಳಿಸಿ, ಕೆಳಗೆ ಜಾಗ ಬಿಟ್ಟಿದ್ದೇನೆ.

ಇಂತಿ,
9ನೇ ತರಗತಿಯ ವಿದ್ಯಾರ್ಥಿನಿ