ಸ್ವೀಡನ್‌ಗೆ ಹೊರಟವಳಿಗೆ ಭಾಷೆಯ ಬುತ್ತಿ



ನಮ್ಮ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ವಿದೇಶಕ್ಕೆ ಹೋಗುತ್ತಾರೆಂದರೆ ಒಂದು ಕಾಲದಲ್ಲಿ ಅದು ಕೊಲ್ಲಿ ರಾಷ್ಟ್ರವೇ ಆಗಿರುತ್ತಿತ್ತು. ಅಲ್ಲಿ ಅಂಗಡಿಯವನು ಮಲಯಾಳಿ, ಟ್ಯಾಕ್ಸಿಯವನು ಪಾಕಿಸ್ತಾನಿ, ಪಕ್ಕದ ಮನೆಯವಳು ಹೈದರಾಬಾದಿನವಳು. ಅರಬಿ ಬಾರದಿದ್ದರೂ ಉರ್ದು ಬಲ್ಲವಳ ಸಂಸಾರ ನಡೆದುಹೋಗುತ್ತಿತ್ತು. ಈಗ ದಾರಿಗಳು ಹೆಚ್ಚಾಗಿವೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಿಂದ ಸ್ವೀಡನ್‌ನ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ನಗರಗಳಿಗೆ ಕೆಲಸಕ್ಕೆ ಹೋಗುವವರಿದ್ದಾರೆ. ಅವರ ಹಿಂದೆಯೇ ಪತ್ನಿ, ಮಕ್ಕಳೂ ಹೊರಡುತ್ತಾರೆ.

ಹೊರಡುವಾಗ ಮಸಾಲೆ ಪುಡಿ, ಉಪ್ಪಿನಕಾಯಿ, ದಪ್ಪ ಸ್ವೆಟರ್ ಎಲ್ಲವೂ ಸೂಟ್‌ಕೇಸ್ ಸೇರುತ್ತವೆ. ಭಾಷೆಯ ಮಾತು ಬಂದಾಗ ಮಾತ್ರ, "ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದಂತೆ, ಅದೆಲ್ಲ ಯಾಕೆ?" ಎಂಬ ಉತ್ತರ ಸಿಗುತ್ತದೆ. ಈ ಮಾತು ಅರ್ಧ ನಿಜ. ಅಂಗಡಿಯಲ್ಲಿ, ಬಸ್ಸಿನಲ್ಲಿ ಇಂಗ್ಲಿಷ್ ಸಾಕು. ಆದರೆ ಮಗುವಿನ ಶಾಲೆಯಿಂದ ಬರುವ ಚೀಟಿ ಸ್ವೀಡಿಷ್‌ನಲ್ಲಿರುತ್ತದೆ. ಅಲ್ಲಿನ ಶಾಲೆಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ಶಿಕ್ಷಕರು, ಹೆತ್ತವರು ಮತ್ತು ಮಗು ಜೊತೆಗೆ ಕುಳಿತು ಮಗುವಿನ ಪ್ರಗತಿಯ ಬಗ್ಗೆ ಮಾತಾಡುತ್ತಾರೆ. ಅಲ್ಲಿ ತಾಯಿ ಮೌನವಾಗಿ ಕುಳಿತು, ಎಂಟು ವರ್ಷದ ಮಗನೇ ಅವಳಿಗೆ ಅನುವಾದ ಮಾಡಿ ಹೇಳುವಂತಾದರೆ ಏನಾಗುತ್ತದೆ ಯೋಚಿಸಿ. ತನಗೆ ಬೇಕಾದುದನ್ನು ಹೇಳಿ, ಬೇಡವಾದುದನ್ನು ನುಂಗುವುದು ಮಗುವಿಗೆ ಬಹಳ ಬೇಗ ಅಭ್ಯಾಸವಾಗುತ್ತದೆ. ಮನೆಯಲ್ಲಿ ಯಾರು ದೊಡ್ಡವರು ಎಂಬುದೇ ತಲೆಕೆಳಗಾಗುತ್ತದೆ. ಪತಿ ಊರಲ್ಲಿಲ್ಲದ ದಿನ ಮಗುವಿಗೆ ಜ್ವರ ಏರಿದರೆ, ದಾದಿಯೊಡನೆ ಮಾತಾಡಬೇಕಾದವಳು ನೀವೇ. ದುಭಾಷಿಯನ್ನು ಕೇಳಬಹುದು ನಿಜ. ಆದರೆ ತಾಯಿಯ ಕಳವಳ ತಾಯಿಯ ಬಾಯಿಂದಲೇ ಬಂದರೆ ಅದರ ತೂಕ ಬೇರೆ.

ಭಾಷೆಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲೊಂದು ಎಂದು ಪವಿತ್ರ ಕುರ್‌ಆನ್‌ನ ಅರ್ರೂಮ್ ಅಧ್ಯಾಯವು ನಮಗೆ ತಿಳಿಸುತ್ತದೆ. ಯಹೂದಿಯರೊಂದಿಗೆ ಪತ್ರ ವ್ಯವಹಾರ ನಡೆಸಲು ಅವರ ಬರಹವನ್ನು ಕಲಿಯುವಂತೆ ಪ್ರವಾದಿವರ್ಯರು(ಸ) ಹಝ್ರತ್ ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದರು. ಅವರು ಅರ್ಧ ತಿಂಗಳಿನಲ್ಲೇ ಅದನ್ನು ಕಲಿತರೆಂದು ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ. ಇನ್ನೊಬ್ಬರ ಭಾಷೆ ಕಲಿತರೆ ನಮ್ಮ ದೀನ್ ಸಡಿಲವಾಗುತ್ತದೆಂದು ಹೆದರುವವರು ಈ ಘಟನೆಯನ್ನು ನೆನಪಿಡಬೇಕು. ಅಷ್ಟು ಬೇಗ ಕಲಿಯುವ ಪ್ರತಿಭೆ ನಮಗಿಲ್ಲ. ನಮಗೆ ತಿಂಗಳುಗಳು ಬೇಕು, ಜೊತೆಗೆ ಒಳ್ಳೆಯ ತರಗತಿಯೂ ಬೇಕು.

ಒಳ್ಳೆಯ ತರಗತಿಯನ್ನು ಗುರುತಿಸುವುದು ಹೇಗೆ? ಮದ್ರಸದಲ್ಲಿ ಕಲಿತವರಿಗೆ ಇದರ ಉತ್ತರ ಆಗಲೇ ಗೊತ್ತಿದೆ. ಪುಸ್ತಕ ನೋಡಿ ಯಾರಿಗೂ ತಜ್ವೀದ್ ಬರುವುದಿಲ್ಲ. ಉಸ್ತಾದರ ಮುಂದೆ ಕುಳಿತು ಓದಬೇಕು, ಅವರು ತಡೆದು ತಿದ್ದಬೇಕು, ಮತ್ತೆ ಓದಬೇಕು. ಸ್ವೀಡಿಷ್‌ಗೂ ಇದೇ ಅಳತೆಗೋಲು ಹಿಡಿಯಿರಿ. ಒಂದು ಗಂಟೆಯ ತರಗತಿಯಲ್ಲಿ ನೀವೆಷ್ಟು ಹೊತ್ತು ಬಾಯಿ ತೆರೆದಿರಿ, ಎಷ್ಟು ಸಲ ನಿಮ್ಮನ್ನು ತಿದ್ದಲಾಯಿತು? ಶಿಕ್ಷಕರೇ ಇಂಗ್ಲಿಷ್‌ನಲ್ಲಿ ವ್ಯಾಕರಣ ವಿವರಿಸುತ್ತಾ ಗಂಟೆ ಮುಗಿಸಿದರೆ, ಶುಲ್ಕ ಎಷ್ಟೇ ಇರಲಿ, ಆ ತರಗತಿ ನಿಮಗಲ್ಲ. ಮೊಬೈಲಿನ ಡುವೊಲಿಂಗೊದಂತಹ ಆ್ಯಪ್‌ಗಳು ಪದಗಳನ್ನು ನೆನಪಿಡಲು ಸಹಾಯ ಮಾಡುತ್ತವೆ, ಆದರೆ ಉಸ್ತಾದರ ಜಾಗ ತುಂಬುವುದಿಲ್ಲ.

ಕನ್ನಡ ಬಲ್ಲವಳಿಗೆ ಈ ಭಾಷೆಯಲ್ಲಿ ಕೆಲವು ಅನುಕೂಲಗಳಿವೆ. ನಮ್ಮಲ್ಲಿ 'ಕಾಲು' ಬೇರೆ, 'ಕಲ್ಲು' ಬೇರೆ. ಸ್ವೀಡಿಷ್‌ನಲ್ಲೂ 'ತಾಕ್' ಎಂದರೆ ಛಾವಣಿ, 'ತಕ್ಕ್' ಎಂದರೆ ಧನ್ಯವಾದ. ಸ್ವರ ಎಳೆಯುವುದು, ವ್ಯಂಜನ ಒತ್ತುವುದು ನಮ್ಮ ಕಿವಿಗೆ ಹೊಸದಲ್ಲ. ಮಗುವಿಗೆ ಅವರು ಬರೆಯುವ ಪದದ ಕೊನೆಯಲ್ಲಿ 'ರ' ಮತ್ತು 'ನ' ಅಕ್ಷರಗಳಿವೆ. ಸ್ಟಾಕ್‌ಹೋಮ್‌ನವರ ಬಾಯಲ್ಲಿ ಅವೆರಡೂ ಸೇರಿ ಹೆಚ್ಚುಕಡಿಮೆ ನಮ್ಮ 'ಣ' ಆಗಿ, ಪದವು 'ಬಾಣ್' ಎಂದು ಕೇಳಿಸುತ್ತದೆ. ನಾವು ಬರುತ್ತೇನೆ, ಬರುತ್ತಾಳೆ, ಬರುತ್ತಾರೆ ಎಂದು ಕ್ರಿಯಾಪದ ಬದಲಿಸುವಲ್ಲಿ ಅವರಿಗೆ 'ಕೊಮ್ಮೆರ್' ಒಂದೇ ಸಾಕು. ಅರಬಿಯಲ್ಲಿ ನಾಮಪದದ ಮುಂದೆ ಬರುವ 'ಅಲ್' ಇಲ್ಲಿ ಪದದ ಬಾಲವಾಗುತ್ತದೆ: 'ಬೂಕ್' ಎಂದರೆ ಪುಸ್ತಕ, 'ಬೂಕೆನ್' ಎಂದರೆ ಆ ಪುಸ್ತಕ. ಕಷ್ಟವೂ ಇದೆ. ಪ್ರತಿ ನಾಮಪದವೂ 'ಎನ್' ಗುಂಪಿಗೋ 'ಎತ್ತ್' ಗುಂಪಿಗೋ ಸೇರುತ್ತದೆ. ಅದನ್ನು ಪದದೊಂದಿಗೇ ಬಾಯಿಪಾಠ ಮಾಡಬೇಕು. ನಮ್ಮಲ್ಲಿಲ್ಲದ ಕೆಲವು ಸ್ವರಗಳಿಗೆ ಶಿಕ್ಷಕರ ತುಟಿಯನ್ನೇ ನೋಡಿ ಕಲಿಯಬೇಕು.

ಇನ್ನು ಎಲ್ಲಿ ಕಲಿಯುವುದು? ಊರಲ್ಲಿರುವಾಗಲೇ ಆರಂಭಿಸಿ. ಸ್ವೀಡಿಷ್ ಇನ್‌ಸ್ಟಿಟ್ಯೂಟ್ ಎಂಬ ಅಲ್ಲಿನ ಸರಕಾರಿ ಸಂಸ್ಥೆಯು 'ಲರ್ನಿಂಗ್ ಸ್ವೀಡಿಷ್' ಎಂಬ ಉಚಿತ ಅಂತರ್ಜಾಲ ಪಾಠಗಳನ್ನು ರೂಪಿಸಿದೆ. ಇಲ್ಲಿ ಖಾಸಗಿ ತರಗತಿಗೆ ಸೇರುವುದಾದರೆ ಹಣ ಕಟ್ಟುವ ಮೊದಲು ಒಂದು ದಿನ ಕುಳಿತು ನೋಡಿ. ತರಗತಿಯಲ್ಲಿ ಎಷ್ಟು ಜನ, ಪಠ್ಯಪುಸ್ತಕ ಯಾವುದು, ಒಟ್ಟು ಎಷ್ಟು ಗಂಟೆ ಎಂದು ಕೇಳಿ. ಯುರೋಪಿನ ಭಾಷೆಗಳಿಗೆ ಎ1, ಎ2, ಬಿ1 ಎಂಬ ಮಟ್ಟಗಳಿವೆ. ನಿಮ್ಮನ್ನು ಯಾವ ಮಟ್ಟಕ್ಕೆ ಮುಟ್ಟಿಸುತ್ತಾರೆಂದು ಸ್ಪಷ್ಟವಾಗಿ ಹೇಳಲಿ. "ಮೂವತ್ತು ದಿನಗಳಲ್ಲಿ ಸ್ವೀಡಿಷ್" ಎನ್ನುವವರಿಂದ ದೂರವಿರಿ.

ಅಲ್ಲಿಗೆ ತಲುಪಿದ ಮೇಲೆ ಒಂದು ದೊಡ್ಡ ಸೌಲಭ್ಯ ನಿಮ್ಮ ಹಕ್ಕಾಗಿಯೇ ಇದೆ. ಅದರ ಹೆಸರು ಎಸ್‌ಎಫ್‌ಐ, ಅಂದರೆ ವಲಸೆ ಬಂದವರಿಗಾಗಿ ಸ್ವೀಡಿಷ್. ಇದನ್ನು 'ಕಮ್ಯೂನ್' ಎಂಬ ಸ್ಥಳೀಯ ಆಡಳಿತ ಉಚಿತವಾಗಿ ನಡೆಸುತ್ತದೆ. ಒಂದು ವರ್ಷ ಅಥವಾ ಹೆಚ್ಚು ಕಾಲ ಇರಲು ಬಂದವರು ಮೊದಲು ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ವೈಯಕ್ತಿಕ ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಹಿಡಿದು ಕಮ್ಯೂನ್‌ಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಪಾಠ ಆರಂಭವಾಗಬೇಕೆಂದು ಕಾನೂನು ಹೇಳುತ್ತದೆ. ವಾರಕ್ಕೆ ಸರಾಸರಿ ಕನಿಷ್ಠ 15 ಗಂಟೆಗಳ ಬೋಧನೆ ಇರುತ್ತದೆ. ಅನೇಕ ಕಡೆ ಹಗಲು, ಸಂಜೆ ಮತ್ತು ದೂರಶಿಕ್ಷಣ ಎಂಬ ಆಯ್ಕೆಗಳೂ ಇವೆ. ಚಿಕ್ಕ ಮಕ್ಕಳಿರುವ ಸಹೋದರಿಯರು ಗಮನಿಸಿ: ತಾಯ್ತಂದೆಯರು ಕೆಲಸ ಮಾಡುತ್ತಿದ್ದರೆ ಅಥವಾ ಕಲಿಯುತ್ತಿದ್ದರೆ, ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಕೇಳುವ ಹಕ್ಕಿದೆ. ಮಗುವಿದೆ, ಕಲಿಯಲಾಗದು ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಎಸ್‌ಎಫ್‌ಐಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಹಂತಗಳಿವೆ. ಶಾಲೆಗೆ ಹೋದದ್ದೇ ಕಡಿಮೆ ಎನ್ನುವವರು ಎಯಿಂದ, ಡಿಗ್ರಿ ಓದಿದವರು ಸಿಯಿಂದ ಆರಂಭಿಸುತ್ತಾರೆ. ಆದ್ದರಿಂದ ನಿಮ್ಮ ಅಂಕಪಟ್ಟಿ, ಪದವಿ ಪತ್ರಗಳನ್ನು ತಪ್ಪದೆ ಒಯ್ಯಿರಿ. ಇಲ್ಲದಿದ್ದರೆ ನಿಧಾನದ ಗುಂಪಿಗೆ ಬೀಳುವ ಸಾಧ್ಯತೆಯಿದೆ. ಓದು ಕಡಿಮೆಯಿದ್ದವರು ಸಂಕೋಚಪಡಬೇಕಿಲ್ಲ. ಎಲ್ಲರಿಗೂ ಕೊನೆಯ ಮೆಟ್ಟಿಲು ಡಿಯೇ. ಕಲಿಸುವ ಸಂಸ್ಥೆಗಳು ಒಂದಕ್ಕಿಂತ ಹೆಚ್ಚಿದ್ದಲ್ಲಿ, ಈಗಾಗಲೇ ಕಲಿತ ಸಹೋದರಿಯರನ್ನು ವಿಚಾರಿಸಿ ಆರಿಸಿಕೊಳ್ಳಿ. ತರಗತಿ ಹಿಡಿಸದಿದ್ದರೆ ಕಲಿಯುವುದನ್ನೇ ಬಿಡಬೇಡಿ, ಬೇರೆ ತರಗತಿ ಕೊಡುವಂತೆ ಕೇಳಿ. ಗುರುತಿನ ಸಂಖ್ಯೆ ಬರುವವರೆಗೆ ಅನೇಕ ಗ್ರಂಥಾಲಯಗಳಲ್ಲಿ ನಡೆಯುವ ಉಚಿತ 'ಭಾಷಾ ಕೆಫೆ'ಗೆ ಹೋಗಿ ಊರಿನವರೊಡನೆ ಮಾತಾಡಬಹುದು. ಸುಲಭ ಸ್ವೀಡಿಷ್‌ನಲ್ಲಿ ಬರುವ 'ಒತ್ತ ಸೀದೊರ್' ಎಂಬ ಪತ್ರಿಕೆಯೂ ಇದೆ.

"ಗಂಡಸರೂ ಇರುವ ತರಗತಿಗೆ ಹೋಗುವುದು ಹೇಗೆ?" ಎಂದು ಕೆಲವರು ಕೇಳುತ್ತಾರೆ. ನಿಮ್ಮ ಹಿಜಾಬ್ ಅಲ್ಲಿ ಹೊಸತೇನಲ್ಲ. ಸಿರಿಯಾ, ಸೊಮಾಲಿಯಾ, ಇರಾಕಿನ ಸಹೋದರಿಯರು ಅದೇ ಬೆಂಚುಗಳಲ್ಲಿ ಕುಳಿತು ಕಲಿತಿದ್ದಾರೆ. ನಮಾಝ್‌ನ ಸಮಯವನ್ನು ಮಾತ್ರ ಮುಂಚಿತವಾಗಿ ಲೆಕ್ಕ ಹಾಕಿ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಸೂರ್ಯ ಮಧ್ಯಾಹ್ನ ಮೂರು ಗಂಟೆಗೆ ಮೊದಲೇ ಮುಳುಗುತ್ತಾನೆ. ಝುಹ್ರ್ ಮತ್ತು ಅಸರ್‌ನ ನಡುವೆ ಹೆಚ್ಚು ಹೊತ್ತಿರುವುದಿಲ್ಲ. ಸೇರುವ ದಿನವೇ ಬಿಡುವಿನ ವೇಳೆಯನ್ನು ವಿಚಾರಿಸಿ.

ಕೊನೆಯದಾಗಿ, ಈ ಪುಟವನ್ನು ಓದುವ ಪತಿಯಂದಿರಿಗೂ ಅತ್ತೆಯಂದಿರಿಗೂ ಒಂದು ಮಾತು. ಅವಳು ತರಗತಿಗೆ ಹೋಗುವ ಹೊತ್ತಿನಲ್ಲಿ ಅಡುಗೆ ತಡವಾದೀತು. ತಡವಾಗಲಿ. ಪರದೇಶದಲ್ಲಿ ನಾಲಿಗೆ ಇಲ್ಲದ ಹೆಣ್ಣು ತನ್ನ ನೋವನ್ನು ವೈದ್ಯರಿಗೂ ಹೇಳಲಾರಳು, ತನ್ನ ದೀನ್‌ನ ಚೆಲುವನ್ನು ನೆರೆಯವಳಿಗೂ ತಿಳಿಸಲಾರಳು. ಮನೆಯೊಳಗೆ ಉರ್ದುವೋ ಬ್ಯಾರಿಯೋ ಕನ್ನಡವೋ ಬೆಚ್ಚಗಿರಲಿ, ಹೊಸ್ತಿಲು ದಾಟಿದಾಗ ಸ್ವೀಡಿಷ್ ಇರಲಿ. ಸಹೋದರೀ, ಬಿಸ್ಮಿಲ್ಲಾಹ್ ಹೇಳಿ ಮೊದಲ ಪಾಠ ಇಂದೇ ತೆರೆಯಿರಿ. ವಿಮಾನದ ಟಿಕೇಟು ಬರಲಿ ಎಂದು ಕಾಯಬೇಡಿ.