ಎತ್ತಿನ ಜೋಡಿ ನೋಡುವ ಕಣ್ಣಿಂದಲೇ ಬ್ಯಾಟರಿಯನ್ನೂ ನೋಡಬೇಕು

ಮೊನ್ನೆ ರವಿವಾರ ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಲಗೈಗೆ ಪ್ಲಾಸ್ಟರ್, ಎಡಗೈಯಲ್ಲಿ ಒಂದು ಚೀಲ. ಚೀಲದಲ್ಲಿ ಏನಿತ್ತು ಅಂತೀರಿ? ಒಂದು ಮೋಟರು, ಸುಟ್ಟ ವಾಸನೆ ಹೊಡೆಯುವ ಒಂದು ಕಂಟ್ರೋಲರ್, ಹಲ್ಲು ಸವೆದ ಒಂದು ಬೆಲ್ಟು. ಏಳನೆಯ ತರಗತಿಯವರೆಗೆ ನನ್ನ ಕೈಯಲ್ಲೇ ಕಲಿತ ಹುಡುಗ, ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ.

"ಏನೋ ಇದು?" ಅಂದೆ.

"ಹಲಗಿ ಮ್ಯಾಲಿಂದ ಬಿದ್ದೆ ಗುರೂಜಿ. ಬ್ರೇಕ್ ಹತ್ತಲಿಲ್ಲ."

(ನಮ್ಮ ಜತ್ತ ತಾಲೂಕಿನ ಜಿಲ್ಲಾ ಪರಿಷತ್ ಶಾಲೆಗಳಲ್ಲಿ ಕನ್ನಡ ಮಾಧ್ಯಮವಿರಲಿ, ಮರಾಠಿ ಮಾಧ್ಯಮವಿರಲಿ, ಮಾಸ್ತರರೆಲ್ಲ ಗುರೂಜಿಗಳೇ.)

ಹಲಗೆ ಅಂದರೆ ಸ್ಕೇಟ್‌ಬೋರ್ಡು. ಅದಕ್ಕೆ ಕರೆಂಟಿನ ಮೋಟರು ಹಚ್ಚಿ, ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವುದು. ಇಂಥದ್ದನ್ನು ಮನೆಯಲ್ಲೇ ಮಾಡುವವರು ಪ್ರಪಂಚದ ತುಂಬ ಇದ್ದಾರೆ. ನಮ್ಮ ಹುಡುಗ ಆರು ತಿಂಗಳು ರಜೆಯಲ್ಲಿ ವಾಯರಿಂಗ್ ಕೆಲಸಕ್ಕೆ ಹೋಗಿ, ದುಡ್ಡು ಕೂಡಿಸಿ, ಒಂದೊಂದೇ ಸಾಮಾನು ತರಿಸಿದ್ದ. ಮೋಟರು ಒಬ್ಬನ ಹತ್ತಿರ, ಕಂಟ್ರೋಲರ್ ಇನ್ನೊಬ್ಬನ ಹತ್ತಿರ, ಬ್ಯಾಟರಿ ಯಾರೋ ಮಾರಿದ ಹಳೇ ಇ-ಸೈಕಲ್ಲಿನದು. ಎಲ್ಲವೂ ಬಿಡಿ ಬಿಡಿಯಾಗಿ ಚೆನ್ನಾಗಿಯೇ ಇದ್ದವು ಎಂಬುದೇ ಇಲ್ಲಿ ಮುಖ್ಯ ಮಾತು. ಕೆಟ್ಟದ್ದು ಜೋಡಿ.

ನಮ್ಮದು ಖಿಲಾರಿ ಎತ್ತುಗಳ ಸೀಮೆ. ಜತ್ತ ಯಲ್ಲಮ್ಮನ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತನನ್ನು ನೋಡಿ. ಒಂದೇ ಎತ್ತು ಎಷ್ಟೇ ಚೆಂದ ಇರಲಿ, ಮನೆಯಲ್ಲಿರುವ ಇನ್ನೊಂದರ ಎತ್ತರ, ನಡಿಗೆ, ಹಲ್ಲು, ಸಿಟ್ಟು ಎಲ್ಲ ನೆನಪಿಗೆ ತಂದುಕೊಂಡೇ ಟವೆಲ್ಲಿನ ಕೆಳಗೆ ಕೈ ಹಾಕುತ್ತಾನೆ. ಎತ್ತು ಏರಿಗೆ ಕೋಣ ನೀರಿಗೆ ಎಳೆಯುವ ಜೋಡಿ ಅವನಿಗೆ ಬೇಡ. ಅದೇ ರೈತನ ಮಗ ಮೋಟರು ಕೊಳ್ಳುವಾಗ ಮಾತ್ರ 'ಯಾವುದು ಎಲ್ಲಕ್ಕಿಂತ ದೊಡ್ಡದು?' ಅಂತ ಕೇಳುತ್ತಾನೆ! ಮೊದಲ ಹಲಗೆ ಮಾಡುವವರು ಮೋಟರಿನಿಂದ ಶುರು ಮಾಡಲೇಬಾರದು, ಬ್ಯಾಟರಿ ಮತ್ತು ಬ್ರೇಕಿನಿಂದ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟಿಸಿಎಚ್, ಬಿಎ ಮಾಡಿದ ಮಾಸ್ತರನಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಇತ್ತು, ನಾನು ಮಾಡಲಿಲ್ಲ. ಅದನ್ನೂ ಹೇಳುತ್ತೇನೆ.

ಮೂರು ತಿಂಗಳ ಹಿಂದೆ ಇದೇ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಗುರೂಜಿ, ಬ್ಯಾಟರಿ ಮ್ಯಾಲ 36 ವೋಲ್ಟ್ ಅಂತ ಬರದಾರ, ಚಾರ್ಜರ್ ಮ್ಯಾಲ 42 ಅಂತ ಐತಿ. ಹಿಂಗ್ಯಾಕ?" ಅಂತ ಕೇಳಿದ್ದ. ನನಗೆ ಬಸ್ಸಿನ ಅವಸರ. "ಅಂಗಡಿಯವಗ ಕೇಳಪ್ಪ" ಅಂದು ಹತ್ತಿಬಿಟ್ಟೆ. ಅವನ ಕೈ ಮುರಿದದ್ದರ ಉತ್ತರ ಆ ಪ್ರಶ್ನೆಯೊಳಗೇ ಇತ್ತು.

ಲಿಥಿಯಂ ಸೆಲ್ಲಿನ ಸರಾಸರಿ ವೋಲ್ಟೇಜು 3.6. ಪೂರ್ತಿ ತುಂಬಿದಾಗ 4.2. ಹತ್ತು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ (ಇದಕ್ಕೆ 10ಎಸ್ ಅನ್ನುತ್ತಾರೆ) ಹೆಸರಿಗೆ 36 ವೋಲ್ಟು, ತುಂಬಿದಾಗ 42. ಅದಕ್ಕೇ ಚಾರ್ಜರ್ 42ರದ್ದು. ಸೀಸ-ಆಮ್ಲದ ಬ್ಯಾಟರಿಯ ಸ್ಕೂಟರಿಗೆ ಬರುವ '36 ವೋಲ್ಟ್' ಚಾರ್ಜರನ್ನು ಇದಕ್ಕೆ ಚುಚ್ಚಿದರೆ 42 ದಾಟಿಬಿಡುತ್ತದೆ, ಲಿಥಿಯಂ ಅದನ್ನು ತಾಳುವುದಿಲ್ಲ. ಅದಿರಲಿ. ಬ್ಯಾಟರಿಯ ಒಳಗೆ ಬಿಎಂಎಸ್ ಅಂತ ಒಂದು ಕಾವಲುಗಾರ ಫಲಕ ಇರುತ್ತದೆ. ಹೆಚ್ಚು ಕರೆಂಟು ಎಳೆದರೂ ಬಾಗಿಲು ಹಾಕುತ್ತದೆ, ವೋಲ್ಟೇಜು ಮಿತಿ ಮೀರಿ ಏರಿದರೂ ಬಾಗಿಲು ಹಾಕುತ್ತದೆ.

ಈಗ ಬ್ರೇಕಿಗೆ ಬನ್ನಿ. ಇಂಥ ಹಲಗೆಗೆ ಸೈಕಲ್ಲಿನ ಹಾಗೆ ರಬ್ಬರಿನ ಬ್ರೇಕ್ ಇರುವುದಿಲ್ಲ. ರಿಮೋಟ್ ಹಿಂದಕ್ಕೆ ಎಳೆದರೆ ಮೋಟರೇ ಡೈನಮೋ ಆಗಿ, ಓಟದ ಶಕ್ತಿಯನ್ನು ಕರೆಂಟು ಮಾಡಿ ಬ್ಯಾಟರಿಗೆ ತಿರುಗಿ ಕಳಿಸುತ್ತದೆ. ಆ ಎಳೆತವೇ ಬ್ರೇಕು. ನಮ್ಮ ಹುಡುಗ ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ನೇರ ಕೆರೆ ಏರಿಯ ಮೇಲೆ ಹೋಗಿ, ಅಲ್ಲಿಂದ ಇಳಿಜಾರಿಗೆ ಬಿಟ್ಟಿದ್ದಾನೆ. ಅರ್ಧ ಇಳಿದ ಮೇಲೆ ಬ್ರೇಕ್ ಎಳೆದ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದ ಹಾಗಾಯಿತು. ಕಾವಲುಗಾರ ಬಾಗಿಲು ಹಾಕಿದ. ಹೋಗಲು ಜಾಗವಿಲ್ಲದ ಕರೆಂಟಿನಿಂದ ಕಂಟ್ರೋಲರಿನ ವೋಲ್ಟೇಜು ಒಮ್ಮೆಲೇ ಏರಿ ಅದು ಸುಟ್ಟಿತು, ಬ್ರೇಕು ಮಾಯ. ಹುಡುಗ ಜಿಗಿದು ಅಂಗೈ ಊರಿದ. ಮಣಿಕಟ್ಟು ಮುರಿಯಿತು. ಹೆಲ್ಮೆಟ್ ಇತ್ತು, ಇಲ್ಲದಿದ್ದರೆ ಈ ಲೇಖನವನ್ನು ಹೀಗೆ ಬರೆಯುತ್ತಿರಲಿಲ್ಲ.

ಮುನ್ಸೂಚನೆ ಇರಲಿಲ್ಲವೇ? ಇತ್ತು. "ಏರಿನ್ಯಾಗ ಹತ್ತೂ ಮುಂದ ಒಮ್ಮೊಮ್ಮೆ ಆಫ್ ಆಗ್ತಿತ್ರಿ, ಮತ್ತ ಚಾಲೂ ಆಗ್ತಿತ್ತು" ಅಂದ. ಅದೂ ಕಾವಲುಗಾರನದೇ ಕೆಲಸ. ಬ್ಯಾಟರಿಯ ಬಿಎಂಎಸ್ 20 ಆಂಪಿಯರಿನದು. ಇವನು ಕಂಟ್ರೋಲರಿನಲ್ಲಿ ಬ್ಯಾಟರಿ ಕರೆಂಟಿನ ಮಿತಿಯನ್ನು 50ಕ್ಕೆ ಇಟ್ಟಿದ್ದ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬರುವ ಲೆಕ್ಕ: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. 36 ಗುಣಿಲೆ 20, ಅಂದರೆ 720 ವ್ಯಾಟು. 2000 ವ್ಯಾಟಿನದೆಂದು ಹೇಳಿ ಮಾರಿದ ಮೋಟರಿಗೆ ಈ ಬ್ಯಾಟರಿ ಮೂರನೆಯ ಒಂದು ಪಾಲಿನಷ್ಟು ಮಾತ್ರ ಕೊಡಬಲ್ಲದು. ದೊಡ್ಡ ಮೋಟರಿಗೆ ಸುರಿದ ದುಡ್ಡು ನೀರಿಗೆ ಹಾಕಿದ ಹಾಗೆ. ಅದಕ್ಕಿಂತ ದೊಡ್ಡ ಮಾತು, ವಾಪಸು ಬರುವ ಕರೆಂಟಿಗೂ ಬ್ಯಾಟರಿಗೆ ಒಂದು ಮಿತಿ ಇದೆ, ಅದು ಕೊಡುವ ಕರೆಂಟಿನ ಮಿತಿಗಿಂತ ಬಹಳ ಕಡಿಮೆ. ಅಂದರೆ ಹಲಗೆಯ ಬ್ರೇಕು ಎಷ್ಟು ಗಟ್ಟಿ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬ್ಯಾಟರಿ. ಮೋಟರು ಅಲ್ಲ!

ಹಾಗಾಗಿ ಮೊದಲು ಸೆಲ್ಲು. 18650 ಅನ್ನುವುದು ಅಳತೆ ಅಷ್ಟೇ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ಲು ಕೂಡ 3500 ಮಿಲಿಆಂಪಿಯರ್-ಗಂಟೆಯ ಆಸುಪಾಸಿಗೆ ನಿಲ್ಲುತ್ತದೆ. ಮೇಲೆ 9900 ಅಂತ ಅಚ್ಚಾಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಇಟ್ಟು ಬನ್ನಿ. ಸೆಲ್ಲು ಒಂದಕ್ಕೆ 3 ಆಂಪಿಯರ್-ಗಂಟೆ, ನಿರಂತರ 15 ಆಂಪಿಯರ್ ಕೊಡುವಂಥದ್ದನ್ನು ಹತ್ತು ಸರಣಿ, ನಾಲ್ಕು ಸಮಾಂತರ ಜೋಡಿಸಿದರೆ 12 ಆಂಪಿಯರ್-ಗಂಟೆ, ಕಾಗದದ ಮೇಲೆ 60 ಆಂಪಿಯರ್. ಬಿಎಂಎಸ್ ಎಷ್ಟರದ್ದೋ ಅಷ್ಟೇ ನಿಜ. ಕಂಟ್ರೋಲರಿನ ಮಿತಿಯನ್ನು ಅದಕ್ಕಿಂತ ಎರಡು-ಮೂರು ಆಂಪಿಯರ್ ಕೆಳಗೇ ಇಡಬೇಕು. ಸೆಲ್ಲುಗಳಿಗೆ ನೀವೇ ಬೆಸುಗೆ ಹಾಕಲು ಕೂಡಬೇಡಿ. ಬಿಸಿಗೆ ಸೆಲ್ಲು ಕೆಡುತ್ತದೆ, ತಪ್ಪಿದರೆ ಬೆಂಕಿ. ಸ್ಪಾಟ್ ವೆಲ್ಡಿಂಗ್ ಇರುವವರ ಹತ್ತಿರ ಕಟ್ಟಿಸಿ, ಸೆಲ್ಲಿನ ಕಾಗದ ಕೇಳಿ ಪಡೆಯಿರಿ. ಇಲ್ಲಿ ಉಳಿತಾಯದ ಮಾತು ಬೇಡ.

ಆಮೇಲೆ ಕಂಟ್ರೋಲರ್ ಮತ್ತು ಮೋಟರು. ಇವೆರಡನ್ನೂ ಒಟ್ಟಿಗೇ ನೋಡಬೇಕು. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಂಬ ಇಂಜಿನಿಯರ್ ಮಾಡಿ, ನಕ್ಷೆಯನ್ನೆಲ್ಲ ಬಯಲಿಗಿಟ್ಟ 'ವೆಸ್ಕ್' ಕಂಟ್ರೋಲರ್ ಈ ಹವ್ಯಾಸಿಗಳಲ್ಲಿ ಬಹಳ ಹೆಸರುವಾಸಿ. ಕರೆಂಟು, ಬ್ರೇಕು, ವೇಗ ಎಲ್ಲಕ್ಕೂ ಅದರಲ್ಲಿ ಮಿತಿ ಹಾಕಬಹುದು. ಅದರ ಹಳೆಯ 4ನೆಯ ಆವೃತ್ತಿಯ ಅಗ್ಗದ ನಕಲುಗಳೇ ಹೆಚ್ಚಾಗಿ ನಮ್ಮ ಹುಡುಗರ ಕೈಗೆ ಬರುವುದು. ಅದಕ್ಕೆ ಒಂದು ಲೆಕ್ಕ ತಪ್ಪಬಾರದು. ಮೋಟರಿನ ಮೇಲೆ ಕೆವಿ ಅಂತ ಬರೆದಿರುತ್ತದಲ್ಲ, ಅದು ಕಿಲೋವೋಲ್ಟ್ ಅಲ್ಲ ಮಾರಾಯರೆ! ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 190 ಕೆವಿ ಮೋಟರಿಗೆ 42 ವೋಲ್ಟು ಕೊಟ್ಟರೆ 7980 ಸುತ್ತು. ಒಳಗೆ 14 ಅಯಸ್ಕಾಂತ ಇದ್ದರೆ 7 ಜೋಡಿ ಧ್ರುವ. 7980ನ್ನು 7ರಿಂದ ಗುಣಿಸಿ: 55,860. ಇದು ಕಂಟ್ರೋಲರಿಗೆ ಕಾಣುವ ವಿದ್ಯುತ್ ಸುತ್ತು. ಹಳೆಯ ವೆಸ್ಕಿಗೆ ಇದು 60,000 ದಾಟಬಾರದು. ಅದೇ ಮೋಟರಿಗೆ 12ಎಸ್ ಬ್ಯಾಟರಿ, ಅಂದರೆ ತುಂಬಿದಾಗ 50.4 ವೋಲ್ಟು, ಕೊಟ್ಟರೆ 67,032. ದಾಟಿತು. ಮೂರು ಸಾಮಾನೂ ಒಳ್ಳೆಯವೇ, ಜೋಡಿ ಮಾತ್ರ ಕೂಡಲಿಲ್ಲ.

ವೇಗದ ಲೆಕ್ಕವನ್ನೂ ಅವನ ಮುಂದೆಯೇ ಹಾಕಿದೆ. 36 ವೋಲ್ಟು, 190 ಕೆವಿ, ಮೋಟರಿಗೆ 15 ಹಲ್ಲಿನ ಪುಲ್ಲಿ, ಗಾಲಿಗೆ 36 ಹಲ್ಲಿನದು, ಗಾಲಿಯ ವ್ಯಾಸ 90 ಮಿಲಿಮೀಟರ್. ಗಂಟೆಗೆ ಸುಮಾರು 48 ಕಿಲೋಮೀಟರ್ ಬಂತು. ಮನುಷ್ಯ ನಿಂತರೆ ಕಡಿಮೆ, ನಲವತ್ತು ಅನ್ನಿ. ನಮ್ಮೂರ ರಸ್ತೆಯಲ್ಲಿ ಸೈಕಲ್ಲೇ ಇಪ್ಪತ್ತಕ್ಕೆ ಎದ್ದು ಬೀಳುತ್ತದೆ! ಮೊದಲ ಹಲಗೆಗೆ ಕಂಟ್ರೋಲರಿನಲ್ಲೇ ಇಪ್ಪತ್ತಕ್ಕೆ ಮಿತಿ ಹಾಕಿ, ಶಾಲೆಯ ಮೈದಾನವೋ ಅಂಗಳವೋ ಸಾಕು. ರಸ್ತೆಗೆ ಇಳಿಸುವ ಹಾಗೂ ಇಲ್ಲ. 250 ವ್ಯಾಟು, 25 ಕಿಲೋಮೀಟರ್ ವೇಗದ ಒಳಗಿನ ಬ್ಯಾಟರಿ ಗಾಡಿಗೆ ನಮ್ಮ ದೇಶದಲ್ಲಿ ನೋಂದಣಿಯ ವಿನಾಯಿತಿ ಉಂಟು, ಆದರೆ ಅದಕ್ಕೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು.

ಬೆಲ್ಟಿನ ಕಥೆ ಬೇರೆಯೇ. ಪುಲ್ಲಿ ಎಚ್‌ಟಿಡಿ 5ಎಂ, ಬೆಲ್ಟು ಟಿ5. ಎರಡರಲ್ಲೂ ಹಲ್ಲಿನಿಂದ ಹಲ್ಲಿಗೆ 5 ಮಿಲಿಮೀಟರೇ. ಆದರೆ ಒಂದರ ಹಲ್ಲು ದುಂಡಗೆ, ಇನ್ನೊಂದರದು ಚಪ್ಪಟೆ. ಅಳತೆ ಪಟ್ಟಿ ಇಟ್ಟು ನೋಡಿದವನಿಗೆ ಸರಿ ಅನ್ನಿಸುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಮೋಟರಿನ ದಂಡ 8 ಮಿಲಿಮೀಟರೋ 10 ಮಿಲಿಮೀಟರೋ, ಮೋಟರು ಕೂಡಿಸುವ ಹಿಡಿಕೆಯ ಬಾಯಿ ಗಾಲಿದಂಡದ ಆಕಾರಕ್ಕೆ ಕೂಡುತ್ತದೋ ಇಲ್ಲವೋ, ಗಾಲಿಯ ನಡುವಿನ ತೂತುಗಳಿಗೆ ಪುಲ್ಲಿ ಕೂರುತ್ತದೋ ಇಲ್ಲವೋ, ಇದೆಲ್ಲ ದುಡ್ಡು ಕೊಡುವ ಮೊದಲು ಕೇಳಬೇಕಾದ್ದು. ಬೇರಿಂಗಿನ ಚಿಂತೆ ಮಾತ್ರ ಇಲ್ಲ. 608 ನಂಬರಿನದು ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಮತ್ತೆ ರಿಮೋಟ್: ಹಲಗೆಯನ್ನು ತಲೆಕೆಳಗು ಮಾಡಿ, ಗಾಲಿ ತಿರುಗುತ್ತಿರುವಾಗ ರಿಮೋಟನ್ನು ಬಂದ್ ಮಾಡಿ ನೋಡಿ. ಗಾಲಿ ಹಾಗೇ ಓಡುತ್ತಿದ್ದರೆ ಆ ರಿಮೋಟು ಬೇಡ.

ಇಷ್ಟೆಲ್ಲ ತಲೆನೋವು ಯಾಕೆ, ಮೋಟರು ಕಂಟ್ರೋಲರ್ ರಿಮೋಟು ಮೂರೂ ಕೂಡಿದ ಕಿಟ್ಟು ಬರುತ್ತದಲ್ಲ ಅನ್ನುವವರೂ ಇದ್ದಾರೆ. ಮೊದಲ ಸಲಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಗಾಲಿಯೊಳಗೇ ಮೋಟರು ಇರುವಂಥದ್ದಾದರೆ ಬೆಲ್ಟಿನ ಗೊಡವೆಯೂ ಇಲ್ಲ. ಆದರೆ ಅದರ ಗಾಲಿಗೆ ರಬ್ಬರಿನಂಥ ಹೊದಿಕೆ ತೆಳ್ಳಗೆ, ನಮ್ಮ ಖಡಿ ರಸ್ತೆಯಲ್ಲಿ ಮೊಣಕಾಲು ನಡುಗುತ್ತದೆ. ಸವೆದರೆ ಅದೇ ಮಾರಾಟಗಾರನ ಬಾಗಿಲಿಗೇ ಹೋಗಬೇಕು. ಕಿಟ್ಟು ತಂದರೂ ಬ್ಯಾಟರಿಯ ಲೆಕ್ಕ ತಪ್ಪುವುದಿಲ್ಲ.

ಈ ಲೆಕ್ಕಗಳಲ್ಲಿ ಹತ್ತನೆಯ ತರಗತಿಯನ್ನು ಮೀರಿದ್ದು ಒಂದೂ ಇಲ್ಲ. ಕನ್ನಡ ಮಾಧ್ಯಮದ ನಮ್ಮ ಹುಡುಗರು 'ವಿಭವಾಂತರ', 'ವಿದ್ಯುತ್ ಪ್ರವಾಹ' ಅಂತ ಉರು ಹೊಡೆದು ಅಂಕ ತೆಗೆಯುತ್ತಾರೆ. ಚೀಟಿಯ ಮೇಲಿನ ವಿ ಮತ್ತು ಎ ಅಕ್ಷರಗಳು ಅವೇ ಎಂದು ಯಾರೂ ತೋರಿಸಿಕೊಡುವುದಿಲ್ಲ. ಅವತ್ತು ಬಸ್ಸು ತಪ್ಪಿದ್ದರೆ ಇನ್ನೊಂದು ಅರ್ಧ ತಾಸಿಗೆ ಬರುತ್ತಿತ್ತು.

ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಎಲ್ಲ ಬರೆದುಕೊಟ್ಟೆ. ಹುಡುಗ ಎಡಗೈಯಲ್ಲೇ ಮೊಬೈಲ್ ತೆಗೆದು ಏನೋ ಗುಣಿಸಿದ.

"ಗುರೂಜಿ, 170 ಕೆವಿ ಮೋಟರ್ ತಗೊಂಡ್ರ 12ಎಸ್ ನಡೀತೈತಿ ನೋಡ್ರಿ. 59,976 ಬಂತು."

"ಅರವತ್ತು ಸಾವಿರಕ್ಕ ಎಷ್ಟು ಉಳೀತೋ?"

"ಇಪ್ಪತ್ನಾಕ್ರಿ."

"ಆ ಇಪ್ಪತ್ನಾಕರ ಮ್ಯಾಲ ಎಡಗೈನೂ ಇಡ್ತಿಯೇನು?"

ನಕ್ಕ. ಕಾಗದದ ಮೇಲಿನ 12ಎಸ್ ಹೊಡೆದುಹಾಕಿ, ಸೊಟ್ಟ ಅಕ್ಷರದಲ್ಲಿ 10ಎಸ್ ಅಂತ ಬರೆದ. ಪ್ಲಾಸ್ಟರ್ ಬಿಚ್ಚುವುದು ಇನ್ನೂ ಮೂರು ವಾರಕ್ಕಂತೆ.